ಅಪ್ಪನ ಅರ್ಧ ಮಾತ್ರೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಬರೆಯುತ್ತಿರುವ ಪ್ರಸಂಗದಲ್ಲಿ ಆ ಕೋಪವನ್ನು ಒಂದು ಸಂಜೆ ನುಂಗಿಕೊಂಡದ್ದೇ ನನ್ನ ದೊಡ್ಡ ಸಾಧನೆ. ನುಂಗದೆ ಹೋಗಿದ್ದರೆ ನಮ್ಮ ಮನೆಗೂ ಸೋದರಮಾವನ ಮನೆಗೂ ಹೋಗಿಬರುವುದು ಅವತ್ತಿಗೇ ನಿಂತುಹೋಗುತ್ತಿತ್ತು. ನಿಲ್ಲಲಿಲ್ಲ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನೆಮ್ಮದಿಯ ನಿಟ್ಟುಸಿರು ಬರುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಜಯಲಕ್ಷ್ಮಿಪುರಂನಲ್ಲಿ, ನಾನು ಓದುತ್ತಿದ್ದದ್ದು ಫಾರ್ಮಸಿ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಅಪ್ಪ ಹಿಂದಿನ ವರ್ಷ ಎದೆನೋವು ಬಂದು ಆಸ್ಪತ್ರೆ ಸೇರಿ, ಪುಣ್ಯಕ್ಕೆ ಎದ್ದು ಮನೆಗೆ ಬಂದಿದ್ದರು. ಡಾಕ್ಟರು ಬರೆದುಕೊಟ್ಟಿದ್ದರಲ್ಲಿ ಆಸ್ಪಿರಿನ್ ಒಂದು, ಮೊದಮೊದಲು ದಿನಕ್ಕೊಂದು, ಕೆಲವು ತಿಂಗಳಿಂದ ಅರ್ಧ ಮಾತ್ರೆ. "ತಲೆನೋವಿನ ಮಾತ್ರೆ ಎದೆಗ್ಯಾಕೆ?" ಎಂದು ಅಮ್ಮ ಕೇಳಿದಾಗ, ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತೆ, ಒಂದು ದಿನವೂ ತಪ್ಪಿಸಬಾರದು ಎಂದು ನಾನೇ ದೊಡ್ಡ ಪಂಡಿತಳ ಹಾಗೆ ವಿವರಿಸಿದ್ದೆ. ಅವತ್ತಿನಿಂದ ಅಮ್ಮ ತಪ್ಪಿಸಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಹಜಾರದಲ್ಲಿ ಪೇಪರ್ ಓದುತ್ತಾ ಕೂತ ಅಪ್ಪನ ಅಂಗೈಗೆ ಮಾತ್ರೆ ಇಟ್ಟು, ನುಂಗುವವರೆಗೂ ನೀರಿನ ಲೋಟ ಹಿಡಿದು ನಿಂತಿರುತ್ತಿದ್ದಳು. ಆ ಹೊತ್ತಿಗೆ ನಾನು ಬಸ್ ಸ್ಟಾಪಿನಲ್ಲಿರುತ್ತಿದ್ದೆ.

ಮಾತ್ರೆ ತಂದುಕೊಡುತ್ತಿದ್ದವರು ಮಾವ, ಅಮ್ಮನ ಒಬ್ಬನೇ ತಮ್ಮ. ತಾತನ ಕಾಲದ ದಿನಸಿ ವ್ಯಾಪಾರ ಬೇಡವೆಂದು ಡಿಪ್ಲೊಮಾ ಓದಿ ಶ್ರೀರಾಂಪುರದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದರು. ಆಗ ಶ್ರೀರಾಂಪುರ ಅಂದರೆ ಊರಾಚೆ. ಸೈಟುಗಳೇ ಹೆಚ್ಚು, ಮನೆಗಳು ಕಡಿಮೆ; ಅಂಗಡಿ ಮುಂದೆ ಗಿರಾಕಿಗಳಿಗಿಂತ ಇಟ್ಟಿಗೆ ಲಾರಿಗಳೇ ಜಾಸ್ತಿ ನಿಲ್ಲುತ್ತಿದ್ದವು. ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಪಕ್ಕ ಕೂತು ಕಾದವರೂ ಅವರೇ, ಆಮೇಲೆ ಸ್ಕೂಟರಿನಲ್ಲಿ ಬಂದು ಮಾತ್ರೆ ಕೊಟ್ಟು, ಕಾಫಿ ಕುಡಿದು, "ಭಾವ, ಉಪ್ಪಿನಕಾಯಿ ಮುಟ್ಟಬೇಡಿ" ಎಂದು ಗದರಿಸಿ ಹೋಗುತ್ತಿದ್ದವರೂ ಅವರೇ.

ಭಾವಮೈದುನನನ್ನು ರೇಗಿಸುವುದೆಂದರೆ ಅಪ್ಪನಿಗೆ ಹಬ್ಬದೂಟ. ಕೆಲವು ತಿಂಗಳಿಂದ ಅವರಿಗೊಂದು ಹೊಸ ವಿಷಯ ಸಿಕ್ಕಿತ್ತು.

"ಏನಯ್ಯ, ಇದು ಮಾತ್ರೇನೋ ಸೀಮೆಸುಣ್ಣಾನೋ? ಮೊದಲು ತರ್ತಿದ್ದದ್ದು ನಾಲಿಗೆ ಮೇಲಿಟ್ರೆ ಹುಳಿಹುಳಿ, ಚುರುಕ್ ಅನ್ನೋದು. ಇದು ಬರೀ ಸಪ್ಪೆ. ಬಾಯೆಲ್ಲ ಸುಣ್ಣ ಸುಣ್ಣ."

"ನಿಮ್ಮ ನಾಲಿಗೇನೇ ಸರಿ ಇಲ್ಲ ಬುಡಿ ಭಾವ. ಅಕ್ಕನ ಸಾರೂ ಸಪ್ಪೆ ಅಂತೀರಿ," ಎಂದು ಮಾವ ನಗುತ್ತಿದ್ದರು.

"ಸಾರಿನ ಸುದ್ದಿಗೆ ಬಂದ್ರೆ ನೋಡಿ ಮತ್ತೆ," ಎಂದು ಅಡುಗೆಮನೆಯಿಂದ ಅಮ್ಮನ ದನಿ ಬರುತ್ತಿತ್ತು. ನಾವೆಲ್ಲ ನಗುತ್ತಿದ್ದೆವು, ಅಷ್ಟೇ.

ಹೀಗಿರುವಾಗ ಕಾಲೇಜಿನಲ್ಲಿ ಆಸ್ಪಿರಿನ್ ಮಾತ್ರೆಯ ಪ್ರಾಕ್ಟಿಕಲ್ ಬಂತು. ಮಾತ್ರೆಯಲ್ಲಿ ಇಷ್ಟು ಔಷಧಿ ಇದೆ ಎಂದು ಕಂಪನಿ ಬರೆದಿರುತ್ತದಲ್ಲ, ನಿಜವಾಗಿ ಅಷ್ಟಿದೆಯೇ ಎಂದು ಅಳೆಯುವುದು. ಕಾಲೇಜಿನ ದಾಸ್ತಾನು ಮುಗಿದಿತ್ತು. ನಮ್ಮ ಮೇಡಂ, "ತಲೆನೋವು ಇಲ್ಲದ ಮನೆ ಯಾವುದಿದೆ? ಮನೆಯಿಂದಲೇ ತನ್ನಿ," ಎಂದರು. ಮಾರನೇ ಬೆಳಿಗ್ಗೆ ದೇವರ ಮನೆಯಲ್ಲಿ ಪೂಜೆಗೆ ಅಣಿಮಾಡುತ್ತಿದ್ದ ಅಮ್ಮನಿಗೆ ಬಾಗಿಲಲ್ಲಿ ನಿಂತೇ ಹೇಳಿದೆ, "ಅಮ್ಮ, ಅಪ್ಪನ ಆಸ್ಪಿರಿನ್ ಒಂದು ಹಿಡಿ ಹೋಳು ಕೊಡು, ಪ್ರಾಕ್ಟಿಕಲ್‌ಗೆ ಬೇಕು."

ಹೋಳು ಎಂದದ್ದು ಯಾಕೆಂದರೆ ಅಮ್ಮನ ಪದ್ಧತಿಯೇ ಹಾಗೆ. ಸ್ಟ್ರಿಪ್ಪು ಮನೆಗೆ ಬಂದ ಕೂಡಲೇ ಮಾತ್ರೆಗಳನ್ನೆಲ್ಲ ಬಿಡಿಸಿ, ಅಡಕೆಕತ್ತರಿಯಲ್ಲಿ ಎರಡೆರಡು ಹೋಳು ಮಾಡಿ ಡಬ್ಬಿಗೆ ತುಂಬಿಬಿಡುವಳು. ದಿನಾ ಯಾರು ಕತ್ತರಿಸುತ್ತಾ ಕೂರುತ್ತಾರೆ ಎನ್ನುವುದು ಅವಳ ವಾದ. ಒಂದು ನಿಮಿಷದಲ್ಲಿ ಪೇಪರಿನ ಪೊಟ್ಟಣ ಕಟ್ಟಿಕೊಂಡು ಬಂದು ಕೈಗಿಟ್ಟು, "ಒಳ್ಳೇದಾಗ್ಲಿ, ಹೋಗ್ಬಾ," ಎಂದಳು. ಬಸ್ಸಿನ ಹೊತ್ತು. ಬ್ಯಾಗಿಗೆ ತುರುಕಿಕೊಂಡು ಓಡಿದೆ.

ಲ್ಯಾಬಿನಲ್ಲಿ ಮೇಡಂದು ಒಂದೇ ಮಂತ್ರ: ಪುಡಿ ಒಂದಿಷ್ಟೂ ಚೆಲ್ಲಬಾರದು, ಚೆಲ್ಲಿದರೆ ಲೆಕ್ಕ ತಪ್ಪುತ್ತೆ. ನಾನು ಪೊಟ್ಟಣ ಬಿಚ್ಚಿ, ಹೋಳುಗಳ ಜೊತೆ ತಳದಲ್ಲಿದ್ದ ಬಿಳಿ ಪುಡಿಯನ್ನೂ ಪೇಪರ್ ತಟ್ಟಿ ತಟ್ಟಿ ಪಿಂಗಾಣಿ ಕುಟ್ಟಾಣಿಗೆ ಸುರಿದೆ. ಅಡಕೆಕತ್ತರಿಯಲ್ಲಿ ಕತ್ತರಿಸಿದ ಮಾತ್ರೆ ಉದುರದೆ ಇರುತ್ತದೆಯೇ? ಚೆನ್ನಾಗಿ ಅರೆದು ತೂಗಿದೆ.

ಅಳೆಯುವ ಕ್ರಮ ಹೀಗೆ. ಆಸ್ಪಿರಿನ್ ಆಮ್ಲ. ಅದಕ್ಕೆ ಕ್ಷಾರವನ್ನು ಅಳತೆ ಮಾಡಿ, ಬೇಕಾದ್ದಕ್ಕಿಂತ ಹೆಚ್ಚೇ ಹಾಕಿ ಕುದಿಸಬೇಕು. ಮಾತ್ರೆ ತನಗೆ ಬೇಕಾದಷ್ಟು ಕ್ಷಾರವನ್ನು ತಿಂದು ಮಿಕ್ಕಿದ್ದನ್ನು ಬಿಡುತ್ತದೆ. ಆ ಮಿಕ್ಕಿದ್ದೆಷ್ಟು ಎಂದು ಬ್ಯುರೆಟ್ಟೆಂಬ ಅಳತೆಯ ಗಾಜಿನ ಕೊಳವೆಯಿಂದ ಹನಿಹನಿಯಾಗಿ ಬೇರೊಂದು ಆಮ್ಲ ಬಿಟ್ಟು ಕಂಡುಹಿಡಿಯುವುದು. ನೆಂಟರು ಎಷ್ಟು ಇಡ್ಲಿ ತಿಂದರು ಎಂದು ಎಲೆ ಇಣುಕಿ ನೋಡಿದರೆ ಮರ್ಯಾದೆಯಲ್ಲ; ಪಾತ್ರೆಯಲ್ಲಿ ಉಳಿದದ್ದನ್ನು ಎಣಿಸಿದರೆ ತಾನೇ ಗೊತ್ತಾಗುತ್ತದೆ. ಹೆಚ್ಚು ಉಳಿದರೆ ನೆಂಟರು ತಿಂದದ್ದು ಕಡಿಮೆ, ಅಂದರೆ ಮಾತ್ರೆಯಲ್ಲಿ ಔಷಧಿ ಕಡಿಮೆ ಎಂದು ಅರ್ಥ. ಗುರುತಿಗೆ ಫಿನಾಲ್ ರೆಡ್ ಎಂಬ ಬಣ್ಣ ಎರಡು ಹನಿ. ಕ್ಷಾರ ಇರುವ ತನಕ ಕುಂಕುಮದ ನೀರಿನ ಹಾಗೆ ಕೆಂಪು, ಮುಗಿದ ಕೂಡಲೇ ಹಳದಿ.

ನನ್ನ ಫ್ಲಾಸ್ಕು ಹಳದಿಯಾಯಿತು, ಕೈ ನಿಲ್ಲಿಸಿದೆ. ನೋಡನೋಡುತ್ತಾ ಮತ್ತೆ ಕೆಂಪಾಯಿತು. ಇನ್ನೊಂದು ಹನಿ ಬಿಟ್ಟೆ, ಹಳದಿ. ಅಲ್ಲಾಡಿಸಿದೆ, ಮತ್ತೆ ಕೆಂಪು. ತಲೆಹರಟೆ ಮಗುವಿನ ಹಾಗೆ ಒಂದು ಮಾತಿನ ಮೇಲೆ ನಿಲ್ಲುತ್ತಿಲ್ಲ! ಸಿಟ್ಟು ಬಂದು ಹಳದಿ ನಿಲ್ಲುವ ತನಕ ಹನಿ ಬಿಡುತ್ತಲೇ ಹೋದೆ. ಲೆಕ್ಕ ಹಾಕಿದರೆ ನೂರಕ್ಕೆ ಎಪ್ಪತ್ತೆಂಟು. ಕಾನೂನಿನ ಪ್ರಕಾರ ತೊಂಬತ್ತೈದಕ್ಕಿಂತ ಕೆಳಗೆ ಇಳಿಯುವಂತಿಲ್ಲ.

"ಏನೇ, ಸೀಮೆಸುಣ್ಣ ತಂದಿದ್ದೀಯಾ?" ಎಂದು ಪಕ್ಕದ ಬೆಂಚಿನವಳು ತಮಾಷೆಗೆ ಅಂದಳು. ಅಪ್ಪ ತಿಂಗಳುಗಟ್ಟಲೆ ಆಡುತ್ತಿದ್ದದ್ದೂ ಅದೇ ಮಾತು.

ಮೇಡಂ ಕನ್ನಡಕ ಏರಿಸಿ ಅಂಕಿ ನೋಡಿದರು. "ಯಾವ ಅಂಗಡಿದಮ್ಮ ಇದು?"

"ಗೊತ್ತಿಲ್ಲ ಮೇಡಂ. ಮನೇಲಿತ್ತು."

"ಇದು ನಿಜ ಆದ್ರೆ ಔಷಧ ಇಲಾಖೆಗೆ ತಿಳಿಸಲೇಬೇಕು. ಆದ್ರೆ ಒಂದು ರೀಡಿಂಗ್ ಇಟ್ಕೊಂಡು ಯಾರನ್ನೂ ಕಳ್ಳ ಅನ್ನಬಾರದು. ಅದೇ ಬ್ಯಾಚಿಂದು, ಸೀಲ್ ಒಡೀದೇ ಇರೋ ಸ್ಟ್ರಿಪ್ ತಗೊಂಡು ಬಾ. ನಾಳೆ ಎರಡನ್ನೂ ಪಕ್ಕಪಕ್ಕ ಇಟ್ಟು ಮಾಡು."

ಸಂಜೆ ಮನೆಗೆ ಹೋಗಲಿಲ್ಲ. ಅಮ್ಮನ ಮುಖ ಕಂಡರೆ ಎಲ್ಲಾ ಕಕ್ಕಿಬಿಡುತ್ತೇನೆಂದು ಗೊತ್ತಿತ್ತು. ಸೀದಾ ಶ್ರೀರಾಂಪುರದ ಬಸ್ ಹತ್ತಿದೆ. ಮನೆಯವರೇ ಹೀಗೆ ಮಾಡಿದರೆ ಹೊರಗಿನವರನ್ನು ಏನು ಕೇಳುವುದು? ಕಾಫಿ ಕುಡಿಯುತ್ತಾ ಉಪ್ಪಿನಕಾಯಿಗೆ ಗದರಿಸುವವರು, ಕೊಡುವ ಮಾತ್ರೆ ಇಂಥದ್ದೇ? ಅಂಗಡಿ ಮೆಟ್ಟಿಲ ಮೇಲೆ ನಿಂತು ಏನೇನು ಬೈಯಬೇಕೆಂದು ಸಾಲಾಗಿ ಜೋಡಿಸಿಕೊಂಡಿದ್ದೆ.

ಮಾವ ನನ್ನನ್ನು ಕಂಡವರೇ ಗಲ್ಲಾ ಬಿಟ್ಟು ಎದ್ದರು. "ಏನ್ ಪುಟ್ಟಿ, ಇಷ್ಟು ದೂರ ಒಬ್ಳೇ ಬಂದ್ಬುಟ್ಟೆ? ಭಾವ ಚೆನ್ನಾಗಿದ್ದಾರೆ ತಾನೆ?"

ಅವರ ಮುಖದ ಗಾಬರಿ ನೋಡಿ ನಾನು ಜೋಡಿಸಿಕೊಂಡಿದ್ದ ಬೈಗುಳ ಅರ್ಧ ಉದುರಿಹೋಯಿತು. "ಚೆನ್ನಾಗಿದ್ದಾರೆ ಮಾವ. ಅಪ್ಪನಿಗೆ ಕೊಟ್ರಲ್ಲ, ಆ ಬ್ಯಾಚಿನ ಆಸ್ಪಿರಿನ್‌ದೇ ಸ್ಟ್ರಿಪ್ ಬೇಕು. ಲ್ಯಾಬಿಗೆ."

"ಅದೇ ಬ್ಯಾಚ್ ಯಾಕೆ?"

ಹೇಳಿಬಿಟ್ಟೆ. ಎಪ್ಪತ್ತೆಂಟು ಎಂದೆ. ಅವರು ರೇಗಾಡುತ್ತಾರೆ, ಆಗ ನಾನೂ ರೇಗಾಡಬಹುದು ಎಂದು ಕಾದೆ. ಮಾವ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಹೊಸ ಏಜೆನ್ಸಿ ಕಣವ್ವ. ಬಿಲ್ ಇದೆ, ಬ್ಯಾಚ್ ನಂಬರ್ ಇದೆ, ಎಲ್ಲಾ ನೋಡೇ ತಗೊಂಡಿದ್ದು. ಮಾತ್ರೆ ಒಳಗೆ ಏನಿದೆ ಅಂತ ನಾನೆಲ್ಲಿ ಬಗ್ಗಿ ನೋಡ್ಲಿ? ಈ ಅಂಗಡಿ ಪೂರ್ತಿ ನಂಬಿಕೆ ಮೇಲೇ ನಿಂತಿರೋದು."

ಅಷ್ಟರಲ್ಲಿ ಗಾರೆ ಕೆಲಸದವನೊಬ್ಬ ತಲೆಗೆ ಸುತ್ತಿದ ಟವೆಲ್ ಬಿಚ್ಚುತ್ತಾ ಬಂದು, "ತಲೆನೋವಿಗೆ ಏನಾರ ಕೊಡಿ ಸ್ವಾಮಿ," ಎಂದ. ಮಾವನ ಕೈ ಅಭ್ಯಾಸಬಲದಿಂದ ಆಸ್ಪಿರಿನ್ ಕಡೆಗೇ ಹೋಗಿ, ಅರ್ಧದಲ್ಲಿ ನಿಂತು, ಬೇರೆ ಡಬ್ಬಿಯಿಂದ ಬೇರೆ ಮಾತ್ರೆ ತೆಗೆದುಕೊಟ್ಟಿತು. ಅವನು ಹೋದ ಮೇಲೆ ಆ ಬ್ಯಾಚಿನ ಆಸ್ಪಿರಿನ್ನನ್ನೆಲ್ಲ ಕಪಾಟಿನಿಂದ ಇಳಿಸಿ, ನನಗೆ ಬೇಕಾದಷ್ಟು ಸ್ಟ್ರಿಪ್ ಕೊಟ್ಟು, ಉಳಿದದ್ದನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ಟೇಪ್ ಸುತ್ತಿದರು. ಸುತ್ತುತ್ತಲೇ ಹೇಳಿದರು, "ಕೆಟ್ಟದ್ದು ಅಂತ ಬಂದ್ರೆ ನನ್ನ ಹತ್ರ ಮುಚ್ಚಿಡಬೇಡ. ಅಕ್ಕನ ಮುಖ ಹೆಂಗೆ ನೋಡೋದೋ ಗೊತ್ತಿಲ್ಲ. ಆದ್ರೂ ಮುಚ್ಚಿಡಬೇಡ."

ನನ್ನ ಕೋಪ ಎಲ್ಲಿ ಹೋಯಿತೋ. ಅದರ ಜಾಗಕ್ಕೆ ಭಯ ಬಂದು ಕೂತಿತು. ಮಾತ್ರೆ ಖೋಟಾ ಆಗಿದ್ದರೆ ಅಪ್ಪನ ಎದೆ ಇಷ್ಟು ದಿನ ಯಾವುದರ ಮೇಲೆ ನಿಂತಿತ್ತು? ಅಮ್ಮ ಇನ್ನು ಯಾರ ಪಕ್ಕ ನಿಲ್ಲಬೇಕು, ಗಂಡನ ಪಕ್ಕವೋ ತಮ್ಮನ ಪಕ್ಕವೋ? ರಾತ್ರಿ ಊಟಕ್ಕೆ ಕೂತಾಗ ಅಪ್ಪ, "ಯಾಕೆ ಬಾಯಿಗೆ ಬೀಗ?" ಎಂದರು. ತಲೆನೋವು ಎಂದೆ. "ನಿನ್ನ ಮಾವನ ಮಾತ್ರೆ ಮಾತ್ರ ತಗೋಬೇಡ," ಎಂದು ನಕ್ಕರು. ನಾನು ತಟ್ಟೆ ಎತ್ತಿಕೊಂಡು ಎದ್ದೆ. ಬೆಳಿಗ್ಗೆ, ಇವತ್ತು ಮಾತ್ರೆ ಕೊಡಬೇಡ ಎಂದು ಅಮ್ಮನಿಗೆ ಹೇಳಲೇ ಎಂದು ದೇವರ ಮನೆ ಬಾಗಿಲ ತನಕ ಹೋಗಿ ವಾಪಸ್ ಬಂದೆ. ಏನೂ ಇಲ್ಲದ್ದಕ್ಕಿಂತ ಅಷ್ಟಾದರೂ ಹೊಟ್ಟೆಗೆ ಹೋಗಲಿ ಎನಿಸಿತು.

ಲ್ಯಾಬಿನಲ್ಲಿ ಎರಡು ಫ್ಲಾಸ್ಕ್ ಇಟ್ಟೆ. ಒಂದರಲ್ಲಿ ಸೀಲ್ ಒಡೆದು ತೆಗೆದ ಹೊಸ ಮಾತ್ರೆಯ ಪುಡಿ, ಇನ್ನೊಂದರಲ್ಲಿ ನಿನ್ನೆ ಮಿಕ್ಕಿದ್ದ ಮನೆಯ ಪುಡಿ. ಹೊಸದನ್ನು ಮೊದಲು ಮಾಡಿದೆ. ಒಂದೊಂದೇ ಹನಿ ಬಿಟ್ಟೆ. ಕೆಂಪು, ಕೆಂಪು, ಕೆಂಪು, ಒಂದೇ ಹನಿಗೆ ಹಳದಿ. ಅಲ್ಲಾಡಿಸಿದೆ. ಹಳದಿಯೇ. ಕಾದೆ. ಹಳದಿಯೇ! ಲೆಕ್ಕ ಹಾಕಿದೆ, ತಪ್ಪಿರಬಹುದೆಂದು ಮತ್ತೆ ಹಾಕಿದೆ.

"ಮೇಡಂ, ತೊಂಬತ್ತೊಂಬತ್ತು!" ಎಂದು ಕಿರುಚಿದ್ದಕ್ಕೆ ಇಡೀ ಲ್ಯಾಬ್ ತಿರುಗಿ ನೋಡಿತು. ನೋಡಲಿ ಬಿಡಿ, ನನಗೆ ಅಳುವೇ ಬಂದುಬಿಟ್ಟಿತ್ತು.

"ಕುಣೀಬೇಡ, ಇನ್ನೊಂದು ಇದೆ," ಎಂದರು ಮೇಡಂ. ಮನೆಯ ಪುಡಿಗೆ ಹನಿ ಬಿಡತೊಡಗಿದೆ. ಅದರದು ಹಳೇ ಚಾಳಿ. ಹಳದಿ, ಮತ್ತೆ ಕೆಂಪು, ಮತ್ತೆ ಹಳದಿ, ಮತ್ತೆ ಕೆಂಪು. ಮೇಡಂ ಬಗ್ಗಿ ಫ್ಲಾಸ್ಕನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಬಿದ್ದ ಸಣ್ಣ ಗಷ್ಟಿನಿಂದ ಗುಳ್ಳೆಗಳು ಏಳುತ್ತಿದ್ದವು.

"ಮಾತ್ರೆ ಕಳಪೆ ಅಲ್ಲಮ್ಮ. ಮಾತ್ರೆ ಜೊತೆ ಇನ್ನೇನೋ ಸೇರಿದೆ. ಸುಣ್ಣ, ಬೂದಿ, ಆ ಥರದ್ದು. ಅದೂ ಆಮ್ಲ ಕುಡೀತಿದೆ, ನೀನು ಅದನ್ನ ಮಿಕ್ಕಿರೋ ಕ್ಷಾರ ಅಂದ್ಕೊಂಡಿದ್ದೀಯ. ಮನೇಲಿ ಮಾತ್ರೆ ಎಲ್ಲಿಡ್ತೀರಾ?"

ಪಾತ್ರೆಯಲ್ಲಿ ಉಳಿದ ಇಡ್ಲಿ ಎಣಿಸುವಾಗ ಪಕ್ಕದ ಮನೆಯವರು ತಂದಿಟ್ಟ ಇಡ್ಲಿಯನ್ನೂ ಸೇರಿಸಿ ಎಣಿಸಿದ್ದೆ. ಆದರೆ ಪಕ್ಕದ ಮನೆಯವರು ಯಾರು ಎಂದು ಹೊಳೆಯಲಿಲ್ಲ. ಮಾತ್ರೆ ಎಲ್ಲಿಡುತ್ತಾರೆಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಮೊದಲು ಕಾಲೇಜು ಗೇಟಿನ ಟೆಲಿಫೋನ್ ಬೂತಿಗೆ ಓಡಿದೆ. "ಮಾವ, ಮಾತ್ರೆ ಚೆನ್ನಾಗಿದೆ. ತೊಂಬತ್ತೊಂಬತ್ತು. ನಿಮ್ಮದೇನೂ ತಪ್ಪಿಲ್ಲ."

"ಒಂದ್ನಿಮಿಷ ಇರವ್ವ," ಎಂದರು. ರಿಸೀವರ್ ಕೆಳಗಿಟ್ಟ ಸದ್ದು. ಆಮೇಲೆ ಚರ್ರನೆ ಟೇಪ್ ಕೀಳುವ ಸದ್ದು. ಪೆಟ್ಟಿಗೆ ಬಿಚ್ಚುತ್ತಿದ್ದರು. ವಾಪಸ್ ಬಂದು, "ಸಂಜೆ ಮನೆಗೆ ಬರ್ತೀನಿ. ಅಕ್ಕನಿಗೆ ಕಾಫಿಗೆ ಹೇಳು," ಎಂದರು.

ಮನೆಗೆ ಬಂದವಳೇ ಚಪ್ಪಲಿ ಬಿಡುತ್ತಾ ಕೇಳಿದೆ, "ಅಮ್ಮ, ಅಪ್ಪನ ಮಾತ್ರೆ ಎಲ್ಲಿಡ್ತೀಯ?"

"ದೇವರ ಮನೇಲಿ."

"ದೇವರ ಮನೇಲಿ ಎಲ್ಲಿ?"

ಅಮ್ಮ ಒಳಗೆ ಹೋಗಿ ಹಿತ್ತಾಳೆ ಡಬ್ಬಿ ತಂದು ಮುಚ್ಚಳ ತೆಗೆದಳು. ಮಠದಿಂದ ತಂದ ವಿಭೂತಿ ಗಟ್ಟಿಯನ್ನು ಪುಡಿಮಾಡಿ ಇಡುವ ಡಬ್ಬಿ. ಆ ಬಿಳಿ ಪುಡಿಯ ಮೇಲೆ, ಹಪ್ಪಳಕ್ಕೆ ಹಿಟ್ಟು ಸವರಿದ ಹಾಗೆ ಮೈಯೆಲ್ಲ ವಿಭೂತಿ ಮೆತ್ತಿಕೊಂಡು ಅಪ್ಪನ ಅರ್ಧ ಮಾತ್ರೆಗಳು ಮಲಗಿದ್ದವು.

"ಅಯ್ಯೋ ಅಮ್ಮಾ!"

"ಯಾಕೆ? ಕೊಡೋವಾಗ ಸೆರಗಲ್ಲಿ ಒರೆಸೇ ಕೊಡ್ತೀನಿ."

"ನನ್ನ ಪೊಟ್ಟಣದಲ್ಲಿದ್ದದ್ದು?"

"ಅದನ್ನ ಒರೆಸಲಿಲ್ಲ. ಪ್ರಾಕ್ಟಿಕಲ್ ಅಂದ್ಯಲ್ಲ, ಚೆನ್ನಾಗಾಗ್ಲಿ ಅಂತ ಇನ್ನೊಂದು ಚಿಟಿಕೆ ಜಾಸ್ತೀನೇ ಹಾಕ್ದೆ."

ನಾನು ನೆಲದ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಎಲ್ಲಾ ಹೇಳಿದೆ, ಎಪ್ಪತ್ತೆಂಟರಿಂದ ಹಿಡಿದು ಟೇಪಿನ ತನಕ. ನಂಬಲಿ ಎಂದು ಒಂದು ಚಿಟಿಕೆ ವಿಭೂತಿಯ ಮೇಲೆ ನಿಂಬೆಹಣ್ಣು ಹಿಂಡಿದೆ. ಬುಸ್ಸೆಂದು ನೊರೆ ಎದ್ದಿತು. ಅಮ್ಮ ನಗಲಿಲ್ಲ.

"ಹಂಗಾದ್ರೆ ಇಷ್ಟು ದಿನ ಮಾತ್ರೆ ಕೆಲಸ ಮಾಡಿಲ್ವೇನೇ? ನಾನೇ ಕೈಯಾರೆ..."

"ಮಾಡಿದೆ ಕಣಮ್ಮ. ಒಳಗಿನ ಔಷಧಿ ಎಲ್ಲೂ ಹೋಗಿಲ್ಲ. ಒರೆಸಿದ ಮೇಲೂ ಮೇಲೊಂಚೂರು ಧೂಳು ಉಳೀತಿತ್ತು, ಅಷ್ಟೇ. ಅಪ್ಪನ ನಾಲಿಗೆಗೆ ಸಿಕ್ಕಿದ್ದು ಅದು."

"ಅದಕ್ಕೇ ನಾನು ಬಡ್ಕೊಂಡಿದ್ದು, ಸುಣ್ಣ ಸುಣ್ಣ ಅಂತ!" ಅಪ್ಪ ಪೇಪರ್ ಕೆಳಗಿಟ್ಟು ಗೆದ್ದವರ ಹಾಗೆ ಎದ್ದು ಬಂದರು. "ಹಣೆಗೂ ವಿಭೂತಿ, ಹೊಟ್ಟೆಗೂ ವಿಭೂತಿ. ಕೈಲಾಸಕ್ಕೆ ನನಗೆ ರಿಸರ್ವೇಶನ್ನೇ ಮಾಡಿಸ್ಬುಟ್ಟಿದ್ದಾಳೆ ನಿಮ್ಮಮ್ಮ."

"ಬಿಡ್ತು ಅನ್ನಿ!" ಎಂದು ಅಮ್ಮ ಚೀರಿದ ರಭಸಕ್ಕೆ ಅಪ್ಪ ತಕ್ಷಣ, "ಬಿಡ್ತು, ಬಿಡ್ತು," ಎಂದರು.

ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಮಾವ ಒಳಗೆ ಬಂದು ಚಪ್ಪಲಿ ಬಿಟ್ಟಿರಲಿಲ್ಲ, ಅಮ್ಮ ಎದುರಿಗೆ ಹೋಗಿ ನಿಂತಳು. "ಬೇರೆಯವರು ಮುಖಕ್ಕೆ ಮಸಿ ಬಳೀತಾರೆ. ನಾನು ನಿನ್ನ ಮುಖಕ್ಕೆ ವಿಭೂತಿ ಬಳಿದ್ಬುಟ್ಟೆ ಕಣೋ."

ಡಬ್ಬಿ ತೋರಿಸಿ ನಾನು ವಿಷಯ ಹೇಳಿದ ಮೇಲೆ ಮಾವ ನಗತೊಡಗಿದವರು, ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು. ಒರೆಸಿದ್ದು ಸ್ವಲ್ಪ ಹೆಚ್ಚೇ ಹೊತ್ತು. "ಆಯ್ತು ಬುಡಯ್ಯ," ಎಂದು ಅಪ್ಪ ಅವರ ಬೆನ್ನು ತಟ್ಟಿದರು. "ಸೀಮೆಸುಣ್ಣದ ವ್ಯಾಪಾರ ನಿಂದಲ್ಲ, ನಿಮ್ಮಕ್ಕಂದು. ನಾನು ಆಡಿದ್ದೆಲ್ಲ ವಾಪಸ್ ತಗೊಂಡೆ."

"ಅಲ್ಲಕ್ಕ," ಎಂದರು ಮಾವ, "ಮನೆ ತುಂಬ ಡಬ್ಬಿ ಇರೋವಾಗ ಮಾತ್ರೇನ ವಿಭೂತಿ ಡಬ್ಬೀಲಿ ಯಾಕಿಟ್ಟೆ?"

ಅಮ್ಮ ಡಬ್ಬಿಯ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು.

"ಡಾಕ್ಟರು ಅರ್ಧ ಮಾತ್ರೆ ಸಾಕು ಅಂದ್ರಲ್ಲ," ಎಂದಳು. "ಇನ್ನರ್ಧ ಯಾರಾದ್ರೂ ನೋಡ್ಕೋಬೇಕಲ್ವಾ? ಅದಕ್ಕೇ ಅಲ್ಲಿಟ್ಟೆ."

ಅಪ್ಪ ಏನಾದರೂ ತಮಾಷೆ ಮಾಡುತ್ತಾರೆಂದು ಅವರ ಮುಖ ನೋಡಿದೆ. ಅವರು ಅಮ್ಮನನ್ನೇ ನೋಡುತ್ತಾ ನಿಂತಿದ್ದರು. ಮಾವ ಜೇಬಿನಿಂದ ಹೊಸ ಸ್ಟ್ರಿಪ್ ತೆಗೆದು ಅಕ್ಕನ ಕೈಗೆ ಕೊಟ್ಟರು. ಅಮ್ಮ ಅದನ್ನು ಬಿಡಿಸಲು ಹೋಗಲಿಲ್ಲ. ಹಿಂದೆ ಮುಂದೆ ತಿರುಗಿಸಿ ನನ್ನ ಕಡೆ ನೋಡಿದಳು.

"ಇದರ ಮೇಲೆ ಹಚ್ಚಬಹುದೇನೇ? ಒಳಗೆ ಹೋಗಲ್ಲ ತಾನೆ?"

"ಹೋಗಲ್ಲಮ್ಮ. ಎಷ್ಟು ಬೇಕಾದ್ರೂ ಹಚ್ಚು."

ಅಮ್ಮ ಮೂರು ಬೆರಳಿಗೆ ವಿಭೂತಿ ತಗೊಂಡು ಸ್ಟ್ರಿಪ್ಪಿನ ಬೆಳ್ಳಿ ಹಾಳೆಯ ಮೇಲೆ ಅಡ್ಡಕ್ಕೆ ಎಳೆದು ದೇವರ ಮುಂದಿಟ್ಟಳು. ಬೆರಳಿನಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. "ಬಾರೋ ಇಲ್ಲಿ," ಎಂದು ತಮ್ಮನನ್ನು ಕರೆದಳು. ಮಾವ ಅವಳಿಗಿಂತ ಎತ್ತರ. ಬಗ್ಗಿ ಹಣೆ ಒಡ್ಡಿದರು.